ಮರ ನಮ್ಮದು, ಕಸ ನಿಮ್ಮದು

ಮೈಸೂರಿನ ಹಾರನ್ ಕೇಳಿ ಕೇಳಿ ಕಿವಿ ಸವೆದು, ನಿವೃತ್ತಿಯಾದ ಮಾರನೇ ವಾರವೇ ತಾಳವಾಡಿಯಲ್ಲಿ ಬಾಡಿಗೆ ಮನೆ ಹುಡುಕಲು ಹೊರಟೆ. ನಕ್ಷೆಯಲ್ಲಿ ತಮಿಳುನಾಡು, ನಾಲಿಗೆಯಲ್ಲಿ ಕನ್ನಡ. ಜಿಲ್ಲಾಕೇಂದ್ರ ಈರೋಡು, ದಿಂಬಂ ಘಾಟಿಯ 27 ತಿರುವು ಇಳಿದರೂ ಅದು ಇನ್ನೂ ದೂರ. ಸೀರೆಗೆ, ಹಲ್ಲುನೋವಿಗೆ, ಹೆಣ್ಣು ನೋಡುವುದಕ್ಕೆ ಚಾಮರಾಜನಗರವೇ ಹತ್ತಿರ. 1956ರಲ್ಲಿ ಕೊಯಮತ್ತೂರು ಜಿಲ್ಲೆಯಿಂದ ಕೊಳ್ಳೇಗಾಲ ಎದ್ದು ಮೈಸೂರು ರಾಜ್ಯಕ್ಕೆ ಬಂತು. ತಾಳವಾಡಿ ಕೂತಲ್ಲೇ ಕೂತಿತು. ಹೀಗೆ ಜಗ್ಗದೆ ಕೂರುವ ಊರೇ ಪಿಂಚಣಿದಾರನಿಗೆ ಲಾಯಕ್ಕು ಅಂದುಕೊಂಡೆ.

ಬೆಂಗಳೂರಿನವರು ಮನೆ ಕೊಡುವ ಮೊದಲು ಸಂಬಳ ಕೇಳುತ್ತಾರೆ. ಇಲ್ಲಿ ಮನೆಯೊಡತಿ ಅಜ್ಜಿ ಎಲೆಗೆ ಸುಣ್ಣ ಸವರುತ್ತಾ, "ನೀವು ಯಾವ ಜನ ಸಾ?" ಅಂದರು.

"ಮೈಸೂರು ಜನ."

"ಅದಲ್ಲ, ಯಾವ ಜನ?"

"ಒಳ್ಳೇ ಜನ ಅವ್ವ."

ಅಜ್ಜಿ ನಕ್ಕು ಬಳಸುದಾರಿ ಹಿಡಿದರು. ಮನೆದೇವರು ಯಾವುದು, ಮೀನು ಗೀನು ಮಾಡ್ತೀರಾ, ಹೆಂಡ್ತಿ ತವರು ಎಲ್ಲಿ? ಎಲೆ ಮಡಿಸುವಷ್ಟರಲ್ಲಿ ನನ್ನ ಏಳು ತಲೆಮಾರು ಅವರ ದವಡೆಯಲ್ಲಿತ್ತು. ಬದಲಿಗೆ ತಮ್ಮದೂ ಒಂದು ಗುಟ್ಟು ಕೊಟ್ಟರು: ಅವರ ಮಾವನೂ ಗಾಜನೂರಿನ ಅಣ್ಣಾವ್ರೂ ಜೊತೆಯಲ್ಲಿ ಎಮ್ಮೆ ಮೇಯಿಸಿದವರಂತೆ. ಅಂದು ಸಂಜೆಯೊಳಗೆ ಇದೇ ಗುಟ್ಟನ್ನು ಇನ್ನೂ ಮೂರು ಮನೆಯಲ್ಲಿ ಕೇಳಿದೆ. ಆ ಕಾಲಕ್ಕೆ ಗಾಜನೂರಲ್ಲಿ ಎಮ್ಮೆಗಿಂತ ಮೇಯಿಸುವವರೇ ಹೆಚ್ಚಿದ್ದಿರಬೇಕು.

ಬೇರೆ ಕರಾರಿಲ್ಲದಿದ್ದರೆ ಮುಂಗಡ ಮೂರು ತಿಂಗಳ ಬಾಡಿಗೆ ಮೀರಬಾರದು ಎನ್ನುತ್ತದೆ ತಮಿಳುನಾಡಿನ 2017ರ ಕಾಯ್ದೆ. ಹತ್ತು ತಿಂಗಳ ಅಡ್ವಾನ್ಸ್ ತೆತ್ತು ಬೆಂಗಳೂರಿನಲ್ಲಿರುವ ನನ್ನ ಮಗ ಇದನ್ನು ಕೇಳಿ ಫೋನಿನಲ್ಲೇ ನಿಟ್ಟುಸಿರು ಬಿಟ್ಟ. ಕರಾರು ಪತ್ರ ತಮಿಳಿನಲ್ಲಿತ್ತು. ನನಗೆ ತಮಿಳು ಓದಲು ಬಾರದು, ಅಜ್ಜಿಗೆ ಯಾವುದೂ ಬಾರದು. ಅವರ ಮಗ ಎರಡು ಪುಟ ಓದಿ, ಕನ್ನಡದಲ್ಲಿ ಎರಡೇ ಮಾತು ಹೇಳಿದ: "ಹಲಸಿನ ಮರ ನಮ್ದು. ಕಸ ನಿಮ್ದು." ರುಜು ಹಾಕಿದೆ.

ಇನ್ನು ಸದ್ದಿನ ವಿಚಾರ. ಮೊದಲ ರಾತ್ರಿ ಎಷ್ಟು ನಿಶ್ಶಬ್ದವೆಂದರೆ ನನ್ನ ಗೊರಕೆಗೆ ನಾನೇ ಎಚ್ಚರಗೊಂಡೆ. ಎರಡು ಗಂಟೆಗೆ ಢಂ! ಢಂ! ತಮಟೆ, ಪಟಾಕಿ, ಕೂಗಾಟ. ಬಾಗಿಲು ತೆಗೆದು "ಯಾರ ಮದುವೆ?" ಅಂದೆ. "ಒಳಕ್ಕ ಹೋಗಿ ಸಾ! ಆನ ಬಂದದ, ಕೋಸಿನ ಹೊಲಕ್ಕ!" ಸತ್ಯಮಂಗಲದ ಕಾಡನ್ನು 2013ರಲ್ಲಿ ಹುಲಿಯ ಹೆಸರಿಗೆ ಬರೆದುಕೊಟ್ಟರು, ಆನೆ ರೈತನ ಹೊಲವನ್ನೂ ತನ್ನ ಹೆಸರಿಗೆ ಬರೆಸಿಕೊಂಡಂತಿದೆ, ಅದೂ ಅಡ್ವಾನ್ಸ್ ಇಲ್ಲದೆ. ಬೆಳೆ ಕಳೆದುಕೊಂಡವನ ಮುಂದೆ ಮಾತ್ರ ನಾನು ಈ ತಮಾಷೆ ಆಡುವುದಿಲ್ಲ.

ತಂಗಿ ಮೈಸೂರಿನಿಂದ ದಿನಾ ಚುಚ್ಚುತ್ತಾಳೆ: "ಗೃಹಜ್ಯೋತಿ ಬಿಟ್ಟು ಹೋದೆಯಲ್ಲೋ!" ಇಲ್ಲೂ ಎರಡು ತಿಂಗಳಿಗೆ ಒಂದಿಷ್ಟು ಯೂನಿಟ್ ಪುಕ್ಕಟೆ ಕಣೇ ಅಂದರೆ, ಅಲ್ಲಿಯದು ತಿಂಗಳಿಗೆ 200ರವರೆಗೆ ಅನ್ನುತ್ತಾಳೆ. ಕೊಯಮತ್ತೂರಿನ ಷಡ್ಡಕ ಸುಮ್ಮನೆ ಬರುತ್ತಾನೆ. ದಿಂಬಂನಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆಯಲ್ಲ, ಊಟ ತಡವಾದರೆ ಉಳಿದೇ ಬಿಡುತ್ತಾನೆ. ಊಟ ಯಾವಾಗಲೂ ತಡವಾಗುತ್ತದೆ.

ನಿನ್ನೆ ಅಜ್ಜಿ ಬಂದು ದೀಪಾವಳಿ ಮುಗಿಯುತ್ತಲೇ ಗುಮಟಾಪುರದ ಗೊರೆಹಬ್ಬಕ್ಕೆ ಕರೆದರು. ಬೀರೇಶ್ವರನ ಗುಡಿ ಹತ್ತಿರ ಸಗಣಿ ಗುಡ್ಡೆ ಹಾಕಿ ಒಬ್ಬರಿಗೊಬ್ಬರು ಎರಚಾಡುವ ಹಬ್ಬ. "ನೋಡಾಕ ನಿಂತವ್ರ್ಗೂ ಬೀಳ್ತದ. ಹಳೇ ಅಂಗಿ ಹಾಕ್ಕಂಡ್ ಬನ್ನಿ."

ಹಳೇ ಅಂಗಿಗಳನ್ನೆಲ್ಲ ನನ್ನಾಕೆ ಮನೆ ಬಿಡುವಾಗ ಪಾತ್ರೆಯವಳಿಗೆ ಕೊಟ್ಟು ಎರಡು ಸ್ಟೀಲ್ ಡಬ್ಬ ತೆಗೆದುಕೊಂಡಿದ್ದಾಳೆ. ಉಳಿದಿರುವುದು ನಿವೃತ್ತಿಯ ದಿನ ಆಫೀಸಿನವರು ಹೊದಿಸಿದ ಶಾಲು.