ಖಾಲಿ ಚಿತ್ರದ ಬಾಯಿ ತುಂಬ ಮಾತು

ನೌಕಾಪಡೆಯಲ್ಲಿ ಅಧಿಕಾರಿಯಾಗಬೇಕೆಂದು ಹೊರಟವರು ಪಿಯುಸಿಯಲ್ಲೇ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ (ಎನ್‌ಡಿಎ) ಪರೀಕ್ಷೆ ಬರೆದಿರಲಿ, ಜೆಇಇ ಮೇನ್ ರ‍್ಯಾಂಕ್ ಹಿಡಿದು ಬಿ.ಟೆಕ್ ಕೆಡೆಟ್ ಆಗಲು ಬಂದಿರಲಿ, ಪದವಿ ಮುಗಿಸಿ ಸಿಡಿಎಸ್ ಪಾಸಾಗಿರಲಿ, ಎಸ್‌ಎಸ್‌ಬಿ ಎಂಬ ಆಯ್ಕೆ ಮಂಡಳಿಯ 5 ದಿನಗಳ ಪರೀಕ್ಷೆಯನ್ನು ದಾಟಲೇಬೇಕು. ಕರೆ ಬೆಂಗಳೂರಿನಿಂದ ಬರಲಿ, ಭೋಪಾಲದಿಂದ ಬರಲಿ, ಕಟ್ಟಳೆ ಒಂದೇ. ಬಂದವರಲ್ಲಿ ಬಹಳಷ್ಟು ಮಂದಿ ಮೊದಲ ದಿನವೇ ಬ್ಯಾಗು ಹೊತ್ತು ರೈಲ್ವೆ ಸ್ಟೇಷನ್ ದಾರಿ ಹಿಡಿಯುತ್ತಾರೆ. ಉಳಿದವರನ್ನು ಮನಃಶಾಸ್ತ್ರದ ಪರೀಕ್ಷೆಗೆ ಕೂರಿಸುತ್ತಾರೆ. ಪರದೆಯ ಮೇಲೆ ಮಸುಕು ಮಸುಕಾದ ಒಂದು ಚಿತ್ರ 30 ಸೆಕೆಂಡು. ಅದನ್ನು ನೋಡಿ ಕಥೆ ಬರೆಯಲು 4 ನಿಮಿಷ. ಹೀಗೆ 11 ಚಿತ್ರ. ಹನ್ನೆರಡನೆಯದರಲ್ಲಿ ಏನೂ ಇರುವುದಿಲ್ಲ. ಬರೀ ಬಿಳಿ. ಕಥೆ ಮಾತ್ರ ಬರೆಯಲೇಬೇಕು.

ಆ ಹನ್ನೆರಡನೆಯ ಚಿತ್ರ ಇದುವರೆಗೆ ಯಾವ ಪತ್ರಿಕೆಗೂ ಸಂದರ್ಶನ ಕೊಟ್ಟದ್ದಿಲ್ಲ. ಬ್ಯಾಚು ಊಟಕ್ಕೆ ಎದ್ದುಹೋದ ಮೇಲೆ, ಪ್ರೊಜೆಕ್ಟರ್ ಬಿಸಿ ಆರುವ ಮೊದಲು, ಮಾತಿಗೆ ಸಿಕ್ಕಿತು.

ನಮಸ್ಕಾರ. ಮೊದಲು ತಮ್ಮ ಪರಿಚಯ ಹೇಳಿ.

ಹೇಳಿಕೊಳ್ಳುವಂಥದ್ದು ನನ್ನ ಮೈಮೇಲೆ ಏನೂ ಇಲ್ಲ ಸ್ವಾಮಿ. ಆದರೆ ಮನೆತನ ದೊಡ್ಡದು. ಅಮೆರಿಕದ ಹಾರ್ವರ್ಡ್‌ನಲ್ಲಿ 1930ರ ದಶಕದಲ್ಲಿ ಹೆನ್ರಿ ಮರ್ರೆ, ಕ್ರಿಸ್ಟಿಯಾನಾ ಮಾರ್ಗನ್ ಅಂತ ಇಬ್ಬರು ಚಿತ್ರ ತೋರಿಸಿ ಕಥೆ ಹೇಳಿಸುವ ಪರೀಕ್ಷೆ ಕಟ್ಟಿದರು. ಅವರ ಕಂತೆಯಲ್ಲಿ 16ನೇ ಕಾರ್ಡು ಖಾಲಿ. ಅದೇ ನಮ್ಮ ಮೂಲಪುರುಷ. ಎರಡನೇ ಮಹಾಯುದ್ಧದ ಹೊತ್ತಿಗೆ, ಯಾವ ಶಾಲೆ, ಯಾರ ಮಗ ಅಂತ ಕೇಳಿ ಅಧಿಕಾರಿಗಳನ್ನು ಆರಿಸಿದರೆ ಯುದ್ಧ ನಡೆಯಲ್ಲ ಅಂತ ಬ್ರಿಟಿಷರಿಗೂ ಅರಿವಾಯಿತು. 1942ರಲ್ಲಿ ಅಲ್ಲಿ ಆಯ್ಕೆ ಮಂಡಳಿಗಳು ಶುರುವಾದವು, 1943ರಲ್ಲಿ ಇಲ್ಲಿ. ಬ್ರಿಟಿಷರು ಹೋದರು, ನಾವು ಉಳಿದೆವು.

ಇಷ್ಟು ವರ್ಷದಲ್ಲಿ ತಮ್ಮ ಮೇಲೆ ಎಷ್ಟೋ ಕಥೆ ಬಂದಿರಬೇಕು. ಬಗೆಬಗೆಯವೇ?

ಬಗೆಯೇ? ಒಂದೇ ಕಥೆ. ಹೀರೊ ಹೆಸರು ಅರ್ಜುನ್. ಅರ್ಜುನ್ ಅಲ್ಲದಿದ್ದರೆ ವಿಕ್ರಮ್. ಬೆಳಿಗ್ಗೆ ಜಾಗಿಂಗ್ ಹೋಗುತ್ತಿರುತ್ತಾನೆ. ಕೆರೆಯಲ್ಲಿ ಒಂದು ಮಗು ಮುಳುಗುತ್ತಿರುತ್ತದೆ. ಹಾರುತ್ತಾನೆ, ಎತ್ತುತ್ತಾನೆ, ಪ್ರಥಮ ಚಿಕಿತ್ಸೆ ಕೊಡುತ್ತಾನೆ, ಮಗುವನ್ನು ತಂದೆತಾಯಿಗೆ ಒಪ್ಪಿಸುತ್ತಾನೆ. ಸಂಜೆ ರಕ್ತದಾನ ಶಿಬಿರ, ಮರುದಿನ ಊರಿಗೆ ಈಜು ತರಬೇತಿ, ಭಾನುವಾರ ಕೆರೆ ಹೂಳೆತ್ತುವ ಕೆಲಸ. ಇಷ್ಟೂ 4 ನಿಮಿಷದಲ್ಲಿ. ನನ್ನ ಮೇಲೆ ಮುಳುಗಿದ ಮಕ್ಕಳನ್ನು ಲೆಕ್ಕ ಹಾಕಿದರೆ ಕರ್ನಾಟಕದ ಕೆರೆಗಳೆಲ್ಲ ಮಳೆಯಿಲ್ಲದೆ ಕೋಡಿ ಹರಿಯಬೇಕಿತ್ತು.

ಒಳ್ಳೆಯ ಕಥೆಯೇ ಅಲ್ಲವೇ? ಧೈರ್ಯ ಇದೆ, ಸೇವಾಭಾವ ಇದೆ.

ಇದೆ. ಬರೆದವನಿಗೆ ಈಜು ಬರಲ್ಲ, ಅಷ್ಟೇ. ಬರದಿದ್ದರೂ ಪರವಾಗಿಲ್ಲ ಅನ್ನಿ, ಅಕಾಡೆಮಿಯಲ್ಲಿ ಕಲಿಸುತ್ತಾರೆ. ನನ್ನ ತಕರಾರು ಬೇರೆ. ಉಳಿದ ಹನ್ನೊಂದು ಚಿತ್ರಗಳಲ್ಲಿ ಏನೋ ಒಂದು ಗೆರೆ, ನೆರಳು, ಮನುಷ್ಯಾಕೃತಿ ಇರುತ್ತದೆ. ನನ್ನಲ್ಲಿ ಏನೂ ಇಲ್ಲ. ಅಂದರೆ ಹುಡುಗ ತನ್ನದನ್ನೇ ತೆಗೆದಿಡಬೇಕು. ಅಲ್ಲಿ ಅವನು ತೆಗೆದಿಡುವುದು ಕೋಚಿಂಗ್ ಸೆಂಟರಿನಲ್ಲಿ ಕೊಟ್ಟ ಝೆರಾಕ್ಸ್! ನಾನು ಪರದೆಯ ಮೇಲೆ ಬರುವ ಮೊದಲೇ ಪೆನ್ನು ಕಾಗದ ಮುಟ್ಟಿರುತ್ತದೆ. ನನ್ನನ್ನು 30 ಸೆಕೆಂಡು ನೋಡುವ ಸೌಜನ್ಯವೂ ಇಲ್ಲ.

ಕೋಚಿಂಗ್ ಬಗ್ಗೆ ತಮಗೆ ಸಿಟ್ಟಿದ್ದಂತಿದೆ.

ಸಿಟ್ಟಿಲ್ಲ, ಕುತೂಹಲ. ಮಂಡಳಿ ಹುಡುಕುವ ಅಧಿಕಾರಿ ಗುಣಗಳು 15. ಅವನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿಸುತ್ತಾರಂತೆ. ‘ಸ್ವಂತಿಕೆ ತೋರಿಸು’ ಅಂತ ಇಡೀ ತರಗತಿಗೆ ಒಟ್ಟಿಗೆ ಹೇಳಿಕೊಡುತ್ತಾರಂತೆ. ಮೂರು ವಾರಕ್ಕೆ ವ್ಯಕ್ತಿತ್ವ, ಊಟ ವಸತಿ ಪ್ರತ್ಯೇಕ. ಪದಪರೀಕ್ಷೆಯಲ್ಲಿ 60 ಪದ ಬರುತ್ತವೆ, ಒಂದೊಂದಕ್ಕೆ 15 ಸೆಕೆಂಡು. ‘ಸೋಲು’ ಅಂತ ಪದ ಬಂದರೆ ಸಾಲು ಸಾಲಾಗಿ ‘ಸೋಲೇ ಗೆಲುವಿನ ಮೆಟ್ಟಿಲು’. ಎಲ್ಲರೂ ಅದೇ ಮೆಟ್ಟಿಲು ಹತ್ತಿದರೆ ಮೇಲೆ ಜಾಗ ಎಲ್ಲಿಂದ ಬರಬೇಕು?

ಅಂದರೆ ಸೀಟು ಕಡಿಮೆ, ಅದಕ್ಕೇ ಈ ಪೈಪೋಟಿ?

ಇದೇ ನೋಡಿ, ಸಿಇಟಿ ಕೌನ್ಸೆಲಿಂಗ್ ನೋಡಿ ಬೆಳೆದವರ ಪ್ರಶ್ನೆ. ಇಲ್ಲಿ ಒಂದು ಬ್ಯಾಚಿನಿಂದ ಇಷ್ಟೇ ಜನ ಅಂತ ಲೆಕ್ಕವಿಲ್ಲ. ಯೋಗ್ಯರಿದ್ದರೆ ಹಲವರನ್ನು ಶಿಫಾರಸು ಮಾಡುತ್ತಾರೆ, ಇಲ್ಲದಿದ್ದರೆ ಇಡೀ ಬ್ಯಾಚು ಬರಿಗೈಯಲ್ಲಿ ವಾಪಸ್. ಪಕ್ಕದವನು ಬಿದ್ದರೆ ನಿನಗೆ ಲಾಭವಿಲ್ಲ. ಆದರೂ ಗುಂಪು ಚರ್ಚೆಯಲ್ಲಿ ಮೀನು ಮಾರುಕಟ್ಟೆಯೇ ನಾಚಬೇಕು. ಮೈದಾನದಲ್ಲಿ ಒಂದು ಹಲಗೆ, ಒಂದು ಬೊಂಬು, ಒಂದು ಹಗ್ಗ ಕೊಟ್ಟು ಎಲ್ಲರೂ ಸೇರಿ ಅಡೆತಡೆ ದಾಟಿ ಅನ್ನುತ್ತಾರೆ. ಹಲಗೆ ನನ್ನ ಹಳೆಯ ಸ್ನೇಹಿತ. ಅದು ಹೇಳುತ್ತದೆ: ‘ನನ್ನನ್ನು ಎತ್ತುವವರು ಇಬ್ಬರು, ಎತ್ತಿ ಅಂತ ಹೇಳುವವರು ಆರು ಜನ.’

ಮಕ್ಕಳು ನೌಕಾಪಡೆಯನ್ನೇ ಯಾಕೆ ಬಯಸುತ್ತಾರೆ?

ಬಿಳಿ ಯೂನಿಫಾರಂ. ಅದನ್ನು ಒಗೆದು ಇಸ್ತ್ರಿ ಮಾಡಿದ ಅನುಭವ ಇದ್ದವರು ಯಾರೂ ಆ ಕಾರಣ ಕೊಡಲಾರರು. ಇನ್ನು ಕೆಲವು ಅಪ್ಪಂದಿರಿಗೆ ನೇವಿ ಅಂದರೆ ಡಾಲರಿನಲ್ಲಿ ಸಂಬಳ, ಆರು ತಿಂಗಳು ರಜೆ. ಅದು ಮರ್ಚೆಂಟ್ ನೇವಿ ಸ್ವಾಮಿ, ಸರಕು ಸಾಗಿಸುವ ಹಡಗು. ಇಲ್ಲಿ ಸಬ್ ಲೆಫ್ಟಿನೆಂಟ್ ಆದವನಿಗೆ 7ನೇ ವೇತನ ಆಯೋಗದ ಲೆಕ್ಕದಲ್ಲಿ ಮೂಲ ವೇತನ ₹56,100, ಸೇನಾ ಸೇವಾ ವೇತನ ₹15,500, ಮೇಲೆ ಭತ್ಯೆಗಳು. ಕಡಿಮೆಯೇನಲ್ಲ. ಆದರೆ ಬೆಂಗಳೂರಿನ ಸಾಫ್ಟ್‌ವೇರ್ ಅಳಿಯನ ಪಕ್ಕ ಇಟ್ಟು ತೂಗುವ ಮಾವಂದಿರು ಇದ್ದಾರೆ. ‘ಇನ್ನೂ ಲೆಫ್ಟಿನೆಂಟ್ ಅಂತೆ, ನಮ್ಮ ಬೀಗರ ಹುಡುಗ ಭೂಸೇನೆಯಲ್ಲಿ ಆಗಲೇ ಕ್ಯಾಪ್ಟನ್’ ಅನ್ನುತ್ತಾರೆ. ಎರಡೂ ಒಂದೇ ದರ್ಜೆ. ನೌಕಾಪಡೆಯ ಕ್ಯಾಪ್ಟನ್ ಅಂದರೆ ಭೂಸೇನೆಯ ಕರ್ನಲ್‌ಗೆ ಸಮ. ಇದು ಛತ್ರ ಬುಕ್ ಮಾಡುವ ಮೊದಲೇ ತಿಳಿದಿದ್ದರೆ ಒಳ್ಳೆಯದು.

ಕನ್ನಡದ ಹುಡುಗರು ಹೇಗೆ? ನಮಗೂ ಕಡಲಿದೆ.

ಮುನ್ನೂರು ಕಿಲೋಮೀಟರಿಗೂ ಮಿಕ್ಕಿ ಇದೆ. ಆದರೆ ಎಷ್ಟೋ ಹುಡುಗರ ಮಟ್ಟಿಗೆ ಅದು ಗೋಕರ್ಣಕ್ಕೆ ಟ್ರಿಪ್ ಹೋಗುವ ಜಾಗ. ಸಂದರ್ಶನಕ್ಕೆ ಬರುವ ಮೊದಲು ಕಾರವಾರದ ನೌಕಾನೆಲೆಯ ಬಗ್ಗೆ ಓದಿಕೊಂಡು ಬರುತ್ತಾರೆ. 1986ರಲ್ಲಿ ರಾಜೀವ್ ಗಾಂಧಿ ಅಡಿಗಲ್ಲು ಹಾಕಿದರು, 2005ರಲ್ಲಿ ಐಎನ್‌ಎಸ್ ಕದಂಬ ಕಾರ್ಯಾರಂಭ ಮಾಡಿತು, ಐಎನ್‌ಎಸ್ ವಿಕ್ರಮಾದಿತ್ಯ ಬಂದು ನಿಲ್ಲುವುದು ಅಲ್ಲೇ. ಪಟಪಟ ಹೇಳುತ್ತಾರೆ. ಆ ನೆಲೆಗಾಗಿ ಸಾವಿರಾರು ಕುಟುಂಬಗಳು ಮನೆ, ಗದ್ದೆ, ಬಲೆ ಒಣಗಿಸುವ ದಂಡೆ ಬಿಟ್ಟು ಎದ್ದವು ಅನ್ನುವುದು ನೋಟ್ಸಿನಲ್ಲಿ ಇರುವುದಿಲ್ಲ, ಹಾಗಾಗಿ ಬಾಯಲ್ಲೂ ಬರುವುದಿಲ್ಲ. ಪಾಲುಗಾರರಾಗುವ ಮನೆಯ ಲೆಕ್ಕ ಗೊತ್ತಿರಬೇಡವೇ?

ಹುಡುಗಿಯರ ಕಥೆ?

1992ರಲ್ಲಿ ಮೊದಲ ಬಾರಿಗೆ ವೈದ್ಯಕೀಯ ಸೇವೆಯ ಹೊರಗೂ ಮಹಿಳಾ ಅಧಿಕಾರಿಗಳನ್ನು ತೆಗೆದುಕೊಂಡರು, ಕೆಲವೇ ಶಾಖೆಗಳಿಗೆ. ಶಾಶ್ವತ ಕಮಿಷನ್ನಿಗಾಗಿ ಕೋರ್ಟು ಹತ್ತಬೇಕಾಯಿತು. ಸುಪ್ರೀಂ ಕೋರ್ಟ್ ತೀರ್ಪು ಬಂದದ್ದು 2020ರಲ್ಲಿ. 2022ರಿಂದ ಎನ್‌ಡಿಎಯಲ್ಲೂ ಹುಡುಗಿಯರಿದ್ದಾರೆ. ಈಗ ನನ್ನ ಮೇಲೆ ಅನನ್ಯಾ ಜಾಗಿಂಗ್ ಹೋಗುತ್ತಾಳೆ. ಮಗು ಎಂದಿನಂತೆ ಮುಳುಗುತ್ತದೆ. ಕೋಚಿಂಗ್ ಸೆಂಟರಿನವರು ಸಮಾನತೆಯನ್ನು ಸರ್ಕಾರಕ್ಕಿಂತ ಬೇಗ ಜಾರಿಗೆ ತಂದರು.

ಒಂದು ಮಾತು ಕೇಳುತ್ತೇನೆ, ಬೇಸರ ಬೇಡ. ಹಡಗು ನಡೆಸುವುದಕ್ಕೂ ಖಾಲಿ ಪರದೆ ನೋಡಿ ಕಥೆ ಕಟ್ಟುವುದಕ್ಕೂ ಏನು ಸಂಬಂಧ?

ಬೇಸರ ಯಾಕೆ, ಇಷ್ಟು ಹೊತ್ತಿಗೆ ಒಂದು ಪ್ರಶ್ನೆ ಕೇಳಿದಿರಿ. ಎನ್‌ಡಿಎಯಿಂದ ಬಂದವನು ಖಡಕ್‌ವಾಸ್ಲಾದಲ್ಲಿ 3 ವರ್ಷ ಮುಗಿಸಿ ಕಣ್ಣೂರು ಬಳಿಯ ಎಳಿಮಲೆಯ ನೌಕಾ ಅಕಾಡೆಮಿಗೆ ಬರುತ್ತಾನೆ. ಬಿ.ಟೆಕ್‌ನವನು 4 ವರ್ಷ ಅಲ್ಲೇ ಇರುತ್ತಾನೆ. ಆಮೇಲೆ ತರಬೇತಿಯ ಹಡಗು, ಪರೀಕ್ಷೆ. ಅದಾದ ಮೇಲೆ ಹಡಗು ನಡೆಸುವ ಶಾಖೆಯವನಿಗೆ ವಾಚ್‌ಕೀಪಿಂಗ್ ಟಿಕೆಟ್ ಸಿಗುತ್ತದೆ. ಅಂದರೆ ಕ್ಯಾಪ್ಟನ್ ಮಲಗಿದ್ದಾಗ ಹಡಗು ಅವನ ಕೈಯಲ್ಲಿ. ನಡುರಾತ್ರಿ 12ರಿಂದ 4ರವರೆಗಿನ ಪಾಳಿ ಅಂತ ಇಟ್ಟುಕೊಳ್ಳಿ. ಗಾಜಿನಾಚೆ ಏನು ಕಾಣುತ್ತದೆ?

ಕತ್ತಲು.

ಹೂಂ, ನನ್ನದೇ ಕಪ್ಪು ಪ್ರತಿ. ಒಂದು ಕೆಂಪು ದೀಪ ಕಂಡಿತು ಅನ್ನಿ. ಎಲ್ಲ ಹಡಗಿಗೂ ಎಡಕ್ಕೆ ಕೆಂಪು, ಬಲಕ್ಕೆ ಹಸಿರು. ನಿಮ್ಮ ಬಲಗಡೆ ಕೆಂಪು ದೀಪ ಕಂಡರೆ ಅಲ್ಲಿಂದ ಒಂದು ಹಡಗು ನಿಮಗೆ ಅಡ್ಡ ಬರುತ್ತಿರಬಹುದು. ಹಾಗಿದ್ದರೆ ದಾರಿ ಬಿಡಬೇಕಾದವರು ನೀವು. ಕೆಂಪು ಹಸಿರು ಎರಡೂ ಒಟ್ಟಿಗೆ ಕಂಡರೆ ಅದು ನೇರ ಎದುರಿಗೇ ಬರುತ್ತಿದೆ. ಇಬ್ಬರೂ ಬಲಕ್ಕೆ ತಿರುಗಬೇಕು. ಬಣ್ಣಗುರುಡು ಇದ್ದವರನ್ನು ವೈದ್ಯಕೀಯ ಪರೀಕ್ಷೆಯಲ್ಲಿ ನಿಲ್ಲಿಸುವುದಕ್ಕೆ ಇದೂ ಒಂದು ಕಾರಣ. ಅಷ್ಟರಲ್ಲಿ ಮೀನುಗಾರರ ದೋಣಿಗಳು ಗುಂಪಾಗಿ ಬಂದವು. ದೀಪಗಳೆಲ್ಲ ಕಲಸಿಹೋದವು. ಯಾವುದು ನಿಂತಿದೆ, ಯಾವುದು ಬರುತ್ತಿದೆ ತಿಳಿಯುತ್ತಿಲ್ಲ. ಆಗ ಪಾಳಿಯ ಅಧಿಕಾರಿ ಏನು ಮಾಡಬೇಕು?

ಧೈರ್ಯವಾಗಿ ನಿರ್ಧಾರ ತೆಗೆದುಕೊಳ್ಳಬೇಕು.

ನೀವೂ ಕೋಚಿಂಗ್‌ಗೆ ಹೋಗಿದ್ದಿರೇನು? ಕ್ಯಾಪ್ಟನ್ನನ್ನು ಎಬ್ಬಿಸಬೇಕು! ಅನುಮಾನ ಬಂದರೆ ಕರೆ ಅನ್ನುವುದು ಹಡಗಿನ ನಿಯಮ. ‘ಸಾರ್, ನನಗೆ ಸ್ಪಷ್ಟವಾಗುತ್ತಿಲ್ಲ, ಮೇಲೆ ಬನ್ನಿ’ ಅನ್ನಲು ಎದೆಗಾರಿಕೆ ಬೇಕು. ಗೊತ್ತಿಲ್ಲ ಅಂತ ಗೊತ್ತಾಗಬೇಕು, ಅದನ್ನು ಹೊತ್ತಿಗೆ ಸರಿಯಾಗಿ ಬಾಯಿಬಿಟ್ಟು ಹೇಳಬೇಕು. ನನ್ನ ಅರ್ಜುನ್ ಇದ್ದಾನಲ್ಲ, ಇಷ್ಟು ವರ್ಷದಲ್ಲಿ ಒಮ್ಮೆಯೂ ಯಾರನ್ನೂ ಕರೆದಿಲ್ಲ, ಏನನ್ನೂ ಕೇಳಿಲ್ಲ. ಕೆರೆಯ ದಡದಲ್ಲಿ ಹತ್ತು ಜನ ನಿಂತಿದ್ದರೂ ತಾನೇ ಹಾರುತ್ತಾನೆ. ಅಂಥವನ ಕೈಗೆ ಹಡಗು ಕೊಟ್ಟರೆ ಮುಳುಗುವುದು ಮಗು ಒಂದೇ ಅಲ್ಲ.

ಹಾಗಾದರೆ ತಮಗೆ ಮೆಚ್ಚುಗೆಯಾದ ಕಥೆ ಒಂದೂ ಇಲ್ಲವೇ?

ಹೆಸರು, ಊರು, ಚೆಸ್ಟ್ ನಂಬರ್ ಯಾವುದನ್ನೂ ಹೇಳುವ ಹಾಗಿಲ್ಲ. ಒಬ್ಬ ಹುಡುಗ ನನ್ನನ್ನು 30 ಸೆಕೆಂಡೂ ಸುಮ್ಮನೆ ನೋಡಿದ. ಆಮೇಲೆ ಬರೆದ. ಹೀರೊ ಹಾಸ್ಟೆಲಿನ ಮೆಸ್ ಸೆಕ್ರೆಟರಿ. ಪ್ರತಿ ತಿಂಗಳೂ 25ನೇ ತಾರೀಖಿಗೆ ತೊಗರಿಬೇಳೆ ಮುಗಿದುಹೋಗುತ್ತದೆ. ಭಟ್ಟರ ಮೇಲೆ ಅನುಮಾನ. ಎರಡು ರಾತ್ರಿ ಉಗ್ರಾಣದ ಹತ್ತಿರ ಕಾದು ಕೂತ, ಕಳ್ಳ ಸಿಗಲಿಲ್ಲ. ಕೊನೆಗೆ ಭಟ್ಟರನ್ನೇ ಕೇಳಿದ. ಭಟ್ಟರು ಹೇಳಿದರು: ‘ನೀವು ಬೇಳೆ ತರಿಸುವುದು ಹೋದ ವರ್ಷದ ಹಾಜರಿ ಪುಸ್ತಕ ನೋಡಿ. ಈ ವರ್ಷ ಹುಡುಗರು ಜಾಸ್ತಿ. ಯಾರೂ ಕೇಳಲಿಲ್ಲ, ನಾನು ಹೇಳಲಿಲ್ಲ.’ ಹೀರೊ ಪುಸ್ತಕ ಬದಲಾಯಿಸಿದ. ಆ ತಿಂಗಳು ಮಾತ್ರ ಸಾರು ನೀರಾಗಿಯೇ ಇತ್ತು. ಕಥೆ ಮುಗಿಯಿತು.

ಅಷ್ಟೇಯೇ? ಯಾರೂ ಚಪ್ಪಾಳೆ ತಟ್ಟಲಿಲ್ಲವೇ?

ನೀರು ಸಾರಿಗೆ ಯಾರು ಚಪ್ಪಾಳೆ ತಟ್ಟುತ್ತಾರೆ? ಆದರೆ ನೋಡಿ, ತಪ್ಪು ಹುಡುಕಿದ, ತನ್ನ ಲೆಕ್ಕದಲ್ಲೇ ಅದು ಸಿಕ್ಕಿತು, ತನಗಿಂತ ಕೆಳಗಿನವನು ಅಂತ ತಿಳಿದಿದ್ದವನನ್ನು ಕೇಳಿ ಕಲಿತ, ಸರಿ ಮಾಡಿದ, ನಷ್ಟವನ್ನು ಮುಚ್ಚಿಡಲಿಲ್ಲ. ಹಡಗಿನಲ್ಲಿ ಮೂವತ್ತು ವರ್ಷ ಎಂಜಿನ್ ರೂಮಿನಲ್ಲಿ ಕಳೆದ ಹಿರಿಯ ನಾವಿಕನಿಗೆ ಇಪ್ಪತ್ತೆರಡರ ಹರೆಯದ ಅಧಿಕಾರಿ ಆಜ್ಞೆ ಕೊಡಬೇಕು. ಅವನನ್ನು ಕೇಳದೆ ಕೊಟ್ಟರೆ ಏನಾಗುತ್ತದೆ ಅಂತ ಈ ಹುಡುಗನಿಗೆ ಬೇಳೆಯಲ್ಲೇ ಗೊತ್ತಾಗಿದೆ.

ಅವನು ಆಯ್ಕೆಯಾದನೇ?

ಅದು ನನಗೆ ತಿಳಿಯುವುದಿಲ್ಲ. ಉತ್ತರ ಓದುವ ಮನಃಶಾಸ್ತ್ರಜ್ಞರು, ಮೈದಾನದ ಅಧಿಕಾರಿ, ಸಂದರ್ಶನ ಮಾಡಿದವರು ಮೂವರೂ ಬೇರೆ ಬೇರೆಯಾಗಿ ತೂಗುತ್ತಾರೆ, ಕೊನೆಯ ದಿನ ಒಟ್ಟಿಗೆ ಕೂರುತ್ತಾರೆ. ಆ ಕೋಣೆಗೆ ನನಗೆ ಪ್ರವೇಶವಿಲ್ಲ. ಒಂದು ಕಥೆಯಿಂದ ಯಾರೂ ಅಧಿಕಾರಿಯಾಗುವುದೂ ಇಲ್ಲ, ಆಗದೆ ಉಳಿಯುವುದೂ ಇಲ್ಲ.

ಮುಂದಿನ ಬ್ಯಾಚಿಗೆ ತಮ್ಮ ಕಿವಿಮಾತು?

ಬೇಡ ಸ್ವಾಮಿ. ನಾನು ಬಾಯಿಬಿಟ್ಟರೆ ನಾಳೆ ಅದು ಝೆರಾಕ್ಸ್ ಆಗುತ್ತದೆ. ಈಗಾಗಲೇ ಆ ಬೇಳೆ ವಿಷಯ ಹೇಳಿ ಕೆಡಿಸಿಕೊಂಡೆ. ನಿಮ್ಮ ಪತ್ರಿಕೆ ಮಾರುಕಟ್ಟೆಗೆ ಬಂದ ವಾರವೇ ಅರ್ಜುನ್ ಮೆಸ್ ಸೆಕ್ರೆಟರಿಯಾಗಿರುತ್ತಾನೆ, ದೇಶದ ಹಾಸ್ಟೆಲುಗಳಲ್ಲೆಲ್ಲ ತೊಗರಿಬೇಳೆ ಮುಗಿದಿರುತ್ತದೆ, ಎಲ್ಲ ಭಟ್ಟರೂ ಬಾಯಿಬಿಟ್ಟು ಸತ್ಯ ಹೇಳುತ್ತಿರುತ್ತಾರೆ.

ಹಾಗಾದರೆ ಆ ಭಾಗ ಬಿಟ್ಟು ಅಚ್ಚು ಹಾಕೋಣವೇ?

...ಬೇಡ, ಹಾಕಿಬಿಡಿ. ಮಕ್ಕಳಾದರೂ ಬದುಕಿಕೊಳ್ಳಲಿ.