ಕ್ಲಾರಾ ಅಂದ್ರೆ ನಮ್ಮ ಸೊಸೆ ಕನಾ!

ಮಳೆ ಹನಿದರೆ ಸಾಕು, ಮಲಯಾಳಿಗಳಿಗೆ ಕ್ಲಾರಾ ನೆನಪಾಗುತ್ತಾಳೆ. 1987ರ ‘ತೂವಾನತ್ತುಂಬಿಗಳ್’ ಚಿತ್ರದ ನಾಯಕಿ ಅವಳು. ಅವಳು ತೆರೆಗೆ ಬಂದಾಗಲೆಲ್ಲ ಮಳೆ ಸುರಿಯುವಂತೆ ಮಾಡಿ ನಿರ್ದೇಶಕ ಪದ್ಮರಾಜನ್ ಒಂದಿಡೀ ತಲೆಮಾರಿನ ಗಂಡಸರನ್ನು ಕೆಡಿಸಿಟ್ಟರು. ಮಂಡ್ಯದಲ್ಲೂ ಮಳೆಗೆ ನಿಟ್ಟುಸಿರು ಉಂಟು, ಅದರ ಹಿಂದೆಯೇ ಬರುವ ಪ್ರಶ್ನೆ ಮಾತ್ರ “ಕಟ್ಟೇಲಿ ಎಷ್ಟಡಿ ಆಯ್ತಂತೆ?” ಕನ್ನಂಬಾಡಿ ಕಟ್ಟೆಯ ನೀರು 124.80 ಅಡಿ ಮುಟ್ಟುವ ತನಕ ನಮಗೆ ಪ್ರೇಮ-ಗೀಮ ಹತ್ತುವುದಿಲ್ಲ.

ತ್ರಿಶೂರಿನ ಸ್ನೇಹಿತನೊಬ್ಬನ ಜೊತೆ ರೈಲಿನಲ್ಲಿ ಹೋಗುವಾಗ ಮದ್ದೂರಿನಲ್ಲಿ ವಡೆ ಕೊಂಡೆವು. ಸುತ್ತಿಕೊಟ್ಟ ಪೇಪರು ಎಣ್ಣೆ ಕುಡಿದು, ಆ ಕಡೆಯ ಅಕ್ಷರ ಈ ಕಡೆಗೆ ಕಾಣುತ್ತಿತ್ತು. ಈರುಳ್ಳಿ ಕರುಕಲಾದ ಅಂಚನ್ನೇ ಮೊದಲು ಮುರಿದು ಬಾಯಿಗಿಟ್ಟವನು ಕ್ಲಾರಾಳ ಕಥೆ ತೆಗೆದ. ಎದುರು ಸೀಟಿನ ಯಜಮಾನರು ಕೇಳುವಷ್ಟು ಕೇಳಿ, “ಯಾರು, ನಮ್ಮ ಅಂಬ್ರೀಸಣ್ಣನ ಹೆಂಡ್ರಾ?” ಅಂದರು. ಅವನ ಕ್ಲಾರಾಳಿಗೆ ಅಲ್ಲೇ ಮದುವೆಯಾಗಿಹೋಯಿತು.

ಕ್ಲಾರಾ ಆಗಿದ್ದ ನಟಿ ಸುಮಲತಾ, ನಮ್ಮ ನಟ ಅಂಬರೀಶ್ ಮದುವೆ ನಿಜಕ್ಕೂ ನಡೆದದ್ದು 1991ರ ಡಿಸೆಂಬರಿನಲ್ಲಿ. ಅಷ್ಟರಲ್ಲಿ ಸುಮಲತಾ ತೆಲುಗಿನ ‘ಶುಭಲೇಖ’, ‘ಖೈದಿ’ ಮುಗಿಸಿ, ಕನ್ನಡದಲ್ಲಿ ರಾಜ್‌ಕುಮಾರ್ ಜೊತೆ ‘ರವಿಚಂದ್ರ’ ಮಾಡಿ, ‘ಆಹುತಿ’ಯಲ್ಲಿ ಅಂಬರೀಶ್‌ಗೆ ಜೋಡಿಯಾಗಿದ್ದರು. ‘ನ್ಯೂ ಡೆಲ್ಲಿ’ಯಲ್ಲಂತೂ ಮಲಯಾಳದಲ್ಲಿ ಮಮ್ಮುಟ್ಟಿ, ಕನ್ನಡದಲ್ಲಿ ಅಂಬರೀಶ್, ನಾಯಕಿ ಎರಡರಲ್ಲೂ ಇವರೇ. ಅಂಬರೀಶರ ಊರಾದ ಮದ್ದೂರು ತಾಲ್ಲೂಕಿನ ದೊಡ್ಡರಸಿನಕೆರೆಗೆ ಇದೆಲ್ಲ ಸೊಸೆ ತಂದ ಪೆಟ್ಟಿಗೆ ಇದ್ದ ಹಾಗೆ: ಒಳಗೇನಿದೆಯೆಂದು ಗೊತ್ತು, ಬಾಯಿಬಿಟ್ಟು ಕೇಳುವುದಿಲ್ಲ.

ನಟಿ ಸಂಸತ್ತಿಗೆ ಹೋಗುವುದು ಬೇರೆಡೆಯೂ ಉಂಟು. ಇಂಗ್ಲೆಂಡಿನ ಗ್ಲೆಂಡಾ ಜಾಕ್ಸನ್ ಎರಡು ಆಸ್ಕರ್ ಗೆದ್ದು, 1992ರಿಂದ 2015ರವರೆಗೆ ಸಂಸತ್ತಿನಲ್ಲಿದ್ದು, ಎಂಬತ್ತರ ಪ್ರಾಯದಲ್ಲಿ ರಂಗಕ್ಕೆ ಮರಳಿ ಲಿಯರ್ ದೊರೆಯ ಪಾತ್ರ ಮಾಡಿದವರು. ಗಾರೆ ಕೆಲಸದವನ ಮಗಳು. ಯಾರ ಸೊಸೆಯೆಂದು ಅಲ್ಲಿ ಯಾರಾದರೂ ಕೇಳಿದ್ದರೆಂದು ನನಗನ್ನಿಸುವುದಿಲ್ಲ. ನಮ್ಮಲ್ಲಿ ಅದೇ ಮೊದಲ ಪ್ರಶ್ನೆ. 2013ರ ಲೋಕಸಭಾ ಉಪಚುನಾವಣೆಯಲ್ಲಿ ಮಂಡ್ಯದ ಮಗಳೆಂದು ನಟಿ ರಮ್ಯಾರನ್ನು ಗೆಲ್ಲಿಸಿದೆವು, ಮರುವರ್ಷವೇ ಸೋಲಿಸಿದೆವು. ಮಗಳಾದರೆ ಗದರಿಸಬಹುದು ತಾನೆ!

2018ರ ನವೆಂಬರಿನಲ್ಲಿ ಅಂಬರೀಶ್ ತೀರಿಕೊಂಡಾಗ ಪಾರ್ಥಿವ ಶರೀರವನ್ನು ಮಂಡ್ಯಕ್ಕೂ ತಂದಿದ್ದರು. ಹೊರಡುವ ಮುಂಚೆ ಸುಮಲತಾ ಈ ಊರಿನ ಮಣ್ಣು ತೆಗೆದು ಗಂಡನ ಹಣೆಗಿಟ್ಟರು. 2019ರ ಲೋಕಸಭಾ ಚುನಾವಣೆಗೆ ಅವರು ಮಂಡ್ಯದಿಂದ ನಿಂತಾಗ ಹೊರಗಿನವರು ಎಂಬ ಮಾತೂ ಎದ್ದಿತು. ಮಳವಳ್ಳಿಯ ನಮ್ಮ ಸೋದರತ್ತೆ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. “ಸೊಸೆ ಅಂದ್ಮೇಲೆ ಹೊರಗಿಂದ್ಲೇ ಬರ್‍ಬೇಕು ಕನ್ಲಾ, ಒಳಗೇ ಹುಟ್ಟುಕ್ಕಾದದಾ?” ಅತ್ತೆಗಿದ್ದ ಚಿಂತೆ ಬೇರೆ: ಕಣದಲ್ಲಿ ಇನ್ನೂ ಮೂವರು ಸುಮಲತೆಯರಿದ್ದರು. ಕಹಳೆ ಊದುವ ರೈತನ ಗುರುತನ್ನು ಮೊಮ್ಮಗನಿಂದ ಮತ್ತೆ ಮತ್ತೆ ಹೇಳಿಸಿಕೊಂಡೇ ಮತಗಟ್ಟೆಗೆ ಹೋದರು. ಪಕ್ಷೇತರ ಅಭ್ಯರ್ಥಿಯಾಗಿ ನಮ್ಮ ಸೊಸೆ 1,25,876 ಮತಗಳ ಅಂತರದಿಂದ ಗೆದ್ದರು.

2024ರಲ್ಲಿ ಸುಮಲತಾ ಸ್ಪರ್ಧಿಸಲೇ ಇಲ್ಲ. ಹಾಗಂತ ಸೊಸೆತನಕ್ಕೇನು ಐದು ವರ್ಷದ ಅವಧಿಯೇ? ಅದರ ಹಿಂದಿನ ವರ್ಷವಷ್ಟೇ, 2023ರಲ್ಲಿ, ಮಗ ಅಭಿಷೇಕನ ಬೀಗರೂಟ ಗೆಜ್ಜಲಗೆರೆಯಲ್ಲಿ ನಡೆದಾಗ ಜನ ಮುಗಿಬಿದ್ದಿದ್ದರು. ಸಂಸದೆಯ ಸಾಧನೆ, ವೈಫಲ್ಯ ಯಾವುದಕ್ಕೂ ಬಾಯಿ ಹಾಕದ ಅತ್ತೆ ಆ ಊಟದ ಮಾತು ಬಂದರೆ ಮಾತ್ರ ಇವತ್ತಿಗೂ ಎದ್ದು ಕೂರುತ್ತಾರೆ. ಮುದ್ದೆ ಎಷ್ಟು ಗಾತ್ರ ಇತ್ತು ಅಂತ ಹೋಗಿಬಂದವರೊಬ್ಬರೂ ಸರಿಯಾಗಿ ಹೇಳಲಿಲ್ಲವಂತೆ.