ಹುಣಸೆಬೀಜದ ಬಾಕಿ

ಏಳನೇ ತರಗತಿಗೆ ಗಣಿತ ಹೇಳುವ ಮೇಷ್ಟ್ರಿಗೆ ಒಂದು ಗತ್ತಿರುತ್ತದೆ. ಸರಳಬಡ್ಡಿ, ಲಾಭ-ನಷ್ಟ, ಶೇಕಡಾವಾರು ಎಲ್ಲ ನಮ್ಮ ಜೇಬಿನೊಳಗೆ. ಆದ್ದರಿಂದ ನಲಿ-ಕಲಿ ಮಿಸ್ಸು ಹೆರಿಗೆ ರಜೆ ಹಾಕಿ, ಹೆಡ್‌ಮಿಸ್ಸು ನನ್ನ ಮುಖ ನೋಡಿದಾಗ, ‘ಸಣ್ಣ ಮಕ್ಕಳು ತಾನೇ ಮೇಡಂ, ಆಡಿಸ್ಕೊಂಡಿರ್ತೀನಿ ಬಿಡಿ’ ಅಂದುಬಿಟ್ಟೆ.

ನಲಿ-ಕಲಿ ಪದ್ಧತಿ 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದದ್ದು. ನಮ್ಮಂಥ ಮೇಷ್ಟ್ರುಗಳೇ ಆಂಧ್ರದ ರಿಷಿವ್ಯಾಲಿಗೆ ಹೋಗಿ, ನೋಡಿ, ಬಂದು ಕಟ್ಟಿದ್ದು. 2009-10ರಲ್ಲಿ ರಾಜ್ಯಕ್ಕೆಲ್ಲ ಹಬ್ಬಿತು. ಒಂದರಿಂದ ಮೂರನೇ ಕ್ಲಾಸಿನವರು ಒಂದೇ ಕೋಣೆಯಲ್ಲಿ. ಕೈಯಲ್ಲಿ ಕಾರ್ಡು, ತಲೆಯ ಮೇಲೆ ದಾರದ ಚಪ್ಪರ. ಗುಂಪಿಗೆ ಅಲ್ಲಿ ತಟ್ಟೆ, ಕಲಿಕೆಯ ಹಂತಕ್ಕೆ ಮೈಲಿಗಲ್ಲು ಅನ್ನುತ್ತಾರೆ. ನನಗದು ಗೊತ್ತಿರಲಿಲ್ಲ. ಒಬ್ಬ ಬಂದು ‘ಸಾ, ನಾನು ನಾಕನೇ ತಟ್ಟೆ’ ಅಂದ. ‘ಊಟಕ್ಕಿನ್ನೂ ಹೊತ್ತಿದೆ, ಕೂತ್ಕೊಳೋ’ ಎಂದು ಗದರಿದೆ.

ಬೋರ್ಡಿನ ಮೇಲೆ ‘ಅ ಆ ಇ ಈ’ ಬರೆದರೆ ಒಂದು ಹುಡುಗಿ ಎದ್ದು ನಿಂತಳು. ‘ತಪ್ಪು ಸಾ. ರ ಗ ಸ ದ ಅ.’ ಅವಳು ಹೇಳಿದ್ದೇ ಸರಿ. ಆ ಐದು ಅಕ್ಷರ ಬಂದರೆ ಸರ, ದರ, ಅರಸ, ಗರಗಸ ಎಲ್ಲ ಓದಬಹುದು. ನಮ್ಮ ಕಾಲದಲ್ಲಿ ಸ್ವರಗಳೆಲ್ಲ ಮುಗಿದರೂ ಓದಲು ಒಂದು ನೆಟ್ಟಗಿನ ಪದ ಸಿಗುತ್ತಿರಲಿಲ್ಲ.

ಮಾನ ಉಳಿಸಿಕೊಳ್ಳಲು ಗಣಿತಕ್ಕೆ ಓಡಿದೆ. ಪಾಠಯೋಜನೆ ಬರೆದೆ: ಸಂತೆ ಆಟ, ಉದ್ದೇಶ, 20ರೊಳಗಿನ ಕಳೆಯುವ ಲೆಕ್ಕ. ತೆಂಗಿನ ಚಿಪ್ಪಿನ ತಕ್ಕಡಿ, ಹುಣಸೆಬೀಜ, ಹತ್ತರ ನೋಟಿಗೆ ಹೊಂಗೆ ಎಲೆ. ಎರಡನೇ ಕ್ಲಾಸಿನ ಒಬ್ಬ ಹೆಗಲಿಗೆ ಕರ್ಚೀಫು ಹಾಕಿ, ಕಿವಿಗೆ ಬಳಪ ಸಿಕ್ಕಿಸಿ ಕೂತೇಬಿಟ್ಟ. ತೂಗುವಾಗ ಕಿರುಬೆರಳಿನಿಂದ ಚಿಪ್ಪನ್ನು ಮೆಲ್ಲಗೆ ಒತ್ತುತ್ತಿದ್ದ. ಇದನ್ನಂತೂ ನಾನು ಹೇಳಿಕೊಟ್ಟಿರಲಿಲ್ಲ.

‘ಹುಣಸೆಬೀಜ ಹೆಂಗಪ್ಪಾ?’

‘ಆರ್ ರೂಪಾಯ್.’

ಹೊಂಗೆ ಎಲೆ ಕೊಟ್ಟು, ಮೇಷ್ಟ್ರ ದನಿ ತೆಗೆದೆ. ‘ಈಗ ನನಗೆ ಎಷ್ಟು ವಾಪಸ್ ಕೊಡಬೇಕು?’

‘ಏನಿಲ್ಲ.’

‘ಹತ್ತರಲ್ಲಿ ಆರು ಕಳೆಯೋ!’

‘ಕಳೆದ್ರೆ ನಾಕು. ಓದ್ವಾರದ್ ಬಾಕಿ ಏಳಿತ್ತಲ್ಲ ಸಾ, ಅದ್ಕೆ ಮುರ್ಕಂಡೆ. ಇನ್ನೂ ಮೂರು ನೀವೇ ಕೊಡ್ಬೇಕು.’

ಹೋದ ವಾರ ಸಂತೆಯೇ ನಡೆದಿರಲಿಲ್ಲ. ಆದರೆ ಲೆಕ್ಕದಲ್ಲಿ ತಪ್ಪು ಹುಡುಕಲು ನನ್ನಿಂದಾಗಲಿಲ್ಲ. ಪಕ್ಕದ ಅಂಗಡಿಗೆ ಹೋದರೆ ಅಲ್ಲಿನ ಹುಡುಗಿ, ‘ಚಿಲ್ರೆ ಇಲ್ಲ, ಚಾಕ್ಲೇಟ್ ತಗಳಿ’ ಎಂದು ಒಂದು ಬೆಣಚುಕಲ್ಲು ಕೈಗಿಟ್ಟಳು.

ನನ್ನ ಉದ್ದೇಶ ಕೆಡುತ್ತಿತ್ತು. ‘ಇಲ್ಲಿ ಸಾಲ ಇಲ್ಲ, ಬಾಕಿ ಇಲ್ಲ, ಕೊಸರೂ ಇಲ್ಲ’ ಎಂದು ಕಟ್ಟುನಿಟ್ಟು ಮಾಡಿದೆ. ಅಷ್ಟೇ, ಸಂತೆ ಬಿಕೋ ಎಂದಿತು. ಕಳೆಯುವ ಲೆಕ್ಕ ಕೇಳಿದರೆ ಮಕ್ಕಳು ಬೆರಳು ಮಡಚಿ ಉತ್ತರ ಹೇಳಿ, ಕಿಟಕಿ ನೋಡತೊಡಗಿದರು. ವ್ಯಾಪಾರಿ ಕರ್ಚೀಫಿನಲ್ಲಿ ಮೂಗು ಒರೆಸಿಕೊಂಡು ಮತ್ತೆ ಎರಡನೇ ಕ್ಲಾಸಿನವನಾದ. ಕೊನೆಗೆ ನಾನೇ ಅವನ ಮುಂದೆ ಕುಕ್ಕರಗಾಲಲ್ಲಿ ಕೂತು, ‘ಬಾಕಿ ಮೂರು ಬರ್ಕೊಳಪ್ಪಾ, ಇನ್ನರ್ಧ ಸೇರು ಹಾಕು’ ಎಂದು ಗೋಗರೆದೆ. ‘ಹಳೇದು ಚುಕ್ತಾ ಮಾಡಿ’ ಅಂದ. ಸಂತೆಗೆ ಜೀವ ಬಂತು.

ಆಗಲೇ ಬಗಲಿಗೆ ಬ್ಯಾಗು ನೇತುಹಾಕಿಕೊಂಡು, ಶಾಲೆಗಳ ಪಾಠ ನೋಡಿಹೋಗುವ ಸಿಆರ್‌ಪಿ ಬಾಗಿಲಲ್ಲಿ ನಿಂತರು. ‘ಸುಂಕದೋರು ಬಂದ್ರು!’ ಎಂದು ಯಾರೋ ಕೂಗಿದ್ದೇ ತಡ, ಸರಕೆಲ್ಲ ಗೋಣಿಚೀಲದ ಅಡಿ ಸೇರಿತು. ನಮ್ಮ ಹುಣಸೆಬೀಜದವನು ಮಾತ್ರ ಹೆದರಲಿಲ್ಲ. ನೆಟ್ಟಗೆ ಹೋಗಿ ಸಿಆರ್‌ಪಿಯವರ ಅಂಗೈಗೆ ಹೊಂಗೆ ಎಲೆಯೊಂದನ್ನು ಮಡಚಿ ತುರುಕಿ, ‘ಟೀ ಕುಡ್ಕಳಿ ಸಾ’ ಅಂದ.

ಅವರು ಎಲೆ ನೋಡಿದರು, ನನ್ನ ನೋಡಿದರು.

‘ಇದು ಎಷ್ಟನೇ ಮೈಲಿಗಲ್ಲು ಮೇಷ್ಟ್ರೇ?’

‘ಕಳೆಯುವ ಲೆಕ್ಕ ಸಾರ್’ ಎಂದು ತೊದಲಿದೆ. ಆ ಎಲೆಯನ್ನು ಅವರು ವಾಪಸ್ ಕೊಡದೆ ಬ್ಯಾಗಿಗೆ ಹಾಕಿಕೊಂಡರೆಂಬುದನ್ನು ಇಲ್ಲಿ ಹೇಳದೆ ಬಿಡಬಹುದಿತ್ತು.

ಮಿಸ್ಸು ರಜೆ ಮುಗಿಸಿ ಬಂದರು. ನಾನು ಸರಳಬಡ್ಡಿಗೆ ಮರಳಿದೆ. ಆ ಮೂರು ರೂಪಾಯಿ ಈಗ ಎಷ್ಟಾಗಿದೆಯೆಂದು ಬಿಸಿಯೂಟದ ಸಾಲಿನಲ್ಲಿ ನಿಂತಾಗಲೆಲ್ಲ ಅವನು ನೆನಪಿಸುತ್ತಾನೆ. ನಿಮ್ಮೂರ ಶಾಲೆಯಲ್ಲಿ ಮೆಟ್ರಿಕ್ ಮೇಳವೋ ಮಕ್ಕಳ ಸಂತೆಯೋ ನಡೆದರೆ ತಪ್ಪದೆ ಹೋಗಿ. ಚೌಕಾಸಿ ಮಾಡಿ, ಕೊಸರು ಕೇಳಿ, ಚಿಲ್ಲರೆ ಒಯ್ಯಿರಿ. ಸಾಲ ಮಾತ್ರ ಹೇಳಬೇಡಿ.